ಎರಡೂವರೆ ವರ್ಷ ಬೆಲ್ಟ್ ಗ್ರೈಂಡರ್ ಬಳಸಿದ ಮೇಲೆ: ತಪ್ಪು ಕೈಯದಾ, ಪಟ್ಟಿಯದಾ?

ಕುಮಟಾದಲ್ಲಿ ನಮ್ಮ ಮನೆಯ ಹಿಂದೆ, ಶೀಟಿನ ಮಾಡಿನಡಿ ಈ ಗ್ರೈಂಡರ್ ಕೂತು ಎರಡೂವರೆ ವರ್ಷ ಆಯ್ತು. 2 ಇಂಚು ಅಗಲ, 72 ಇಂಚು ಉದ್ದದ, ಉಜ್ಜುವ ಹರಳು ಮೆತ್ತಿದ ಬೆಲ್ಟ್ ಓಡಿಸಿ ಕಬ್ಬಿಣ ಉಜ್ಜುವ ಮೆಷಿನ್. 2 ಎಚ್‌ಪಿ ಮೋಟರು, ವೇಗ ಏರಿಸಿ ಇಳಿಸಲು ವಿಎಫ್‌ಡಿ. ಎಲ್ಲ ಸೇರಿ 58 ಸಾವಿರ ಕೊಟ್ಟೆ. ಕಂಪನಿ ಹೆಸರು ಬರೆಯುವುದಿಲ್ಲ. ಇಂಥ ಮೆಷಿನ್ ಮಾಡುವ ಸಣ್ಣ ವರ್ಕ್‌ಶಾಪುಗಳು ಬೇಕಾದಷ್ಟಿವೆ, ನಕ್ಷೆ ಎಲ್ಲದರದ್ದೂ ಹೆಚ್ಚುಕಮ್ಮಿ ಒಂದೇ.

ನಾನು ಮಾಡುವುದು ಎರಡೇ ಸಾಮಾನು. ಮೀನು ಕೊಯ್ಯುವ ಚಾಕು, ಮತ್ತು ಶಿರಸಿ ಕಡೆಯ ತೋಟದವರಿಗೆ ಕತ್ತಿ. ಹೆಚ್ಚಿನದಕ್ಕೆ ಲಾರಿಯ ಹಳೇ ಸ್ಪ್ರಿಂಗ್ ಪ್ಲೇಟೇ ಕಬ್ಬಿಣ. ಕತ್ತಿಯಲ್ಲಿ ಅಷ್ಟಿಷ್ಟು ಡೊಂಕಿದ್ದರೂ ನಡೆಯುತ್ತದೆ, ಯಾರೂ ಕೇಳುವುದಿಲ್ಲ. ಚಾಕು ಹಾಗಲ್ಲ. ಇಸವಾಣ ಮೀನನ್ನು ತೆಳ್ಳಗೆ ತುಂಡು ಮಾಡಬೇಕಾದರೆ ಅಲಗಿನ ಎರಡೂ ಬದಿ ಬೆನ್ನಿನಿಂದ ಬಾಯಿವರೆಗೆ ಚಪ್ಪಟೆಯಾಗಿ ಇಳಿದಿರಬೇಕು. ನಡುವೆ ಹೊಟ್ಟೆ ಬಂತೋ, ಚಾಕು ಮೀನಿನೊಳಗೆ ಹೋಗುವುದಿಲ್ಲ, ಮೀನನ್ನು ತಳ್ಳುತ್ತದೆ.

ಮೆಷಿನ್ ಬಂದ ದಿನವೇ ಒಂದು ತಲೆನೋವು. ಚಾಕು ಒತ್ತಿದರೆ ಸಾಕು, ಮೋಟರು ನಿಂತೇ ಹೋಗುತ್ತಿತ್ತು. 2 ಎಚ್‌ಪಿ ಅಂತ ಹೇಳಿ ಮಿಕ್ಸರ್ ಮೋಟರು ಕೊಟ್ಟರಾ ಅಂತ ಸಿಟ್ಟು ಬಂತು. ನಮ್ಮ ಎಲೆಕ್ಟ್ರಿಷಿಯನ್ ಟರ್ಮಿನಲ್ ಡಬ್ಬಿ ಬಿಚ್ಚಿ ನೋಡಿದ. ಮೋಟರು ಸ್ಟಾರ್ ಕನೆಕ್ಷನ್‌ನಲ್ಲೇ ಬಂದಿತ್ತು, ಅಂದರೆ 415 ವೋಲ್ಟಿನ ಲೆಕ್ಕ. ಮನೆಯ ಸಿಂಗಲ್ ಫೇಸಿಗೆ ಹಾಕಿದ ವಿಎಫ್‌ಡಿ ಕೊಡುವುದು 230 ವೋಲ್ಟ್. ಡಬ್ಬಿಯೊಳಗಿನ ಮೂರು ಜೋಡುಪಟ್ಟಿ ಬಿಚ್ಚಿ ಡೆಲ್ಟಾಕ್ಕೆ, ಅಂದರೆ 230 ವೋಲ್ಟಿನ ಲೆಕ್ಕಕ್ಕೆ ಕೂರಿಸಿದ, ಹತ್ತು ನಿಮಿಷದ ಕೆಲಸ. ಆಮೇಲೆ ಇವತ್ತಿನವರೆಗೂ ಮೋಟರಿನ ಬಗ್ಗೆ ದೂರಿಲ್ಲ. ಕೊಟ್ಟವರು ಒಂದು ಚೀಟಿ ಬರೆದಿಟ್ಟಿದ್ದರೆ ನನ್ನ ಒಂದು ವಾರ ಉಳಿಯುತ್ತಿತ್ತು.

ನಿಜವಾದ ಕತೆ ಶುರುವಾದದ್ದು ಎಂಟು ತಿಂಗಳ ಮೇಲೆ. ಅಲ್ಲಿವರೆಗೆ ಚೆನ್ನಾಗಿಯೇ ಬರುತ್ತಿದ್ದ ಚಾಕುಗಳಲ್ಲಿ ಹೊಟ್ಟೆ ಬರತೊಡಗಿತು. ಸ್ಟೀಲ್ ಸ್ಕೇಲನ್ನು ಅಡ್ಡ ಇಟ್ಟು ಟ್ಯೂಬ್‌ಲೈಟಿಗೆ ಹಿಡಿದರೆ ಮಧ್ಯದಲ್ಲಿ ಸ್ಕೇಲು ತಾಗುತ್ತದೆ, ಎರಡು ಕಡೆ ಬೆಳಕು ಕಾಣುತ್ತದೆ. ನನ್ನ ಕೈಯೇ ಕೆಟ್ಟಿತು ಅಂದುಕೊಂಡೆ. ವಿಡಿಯೋ ನೋಡಿದೆ, ನಿಲ್ಲುವ ಭಂಗಿ ಬದಲಿಸಿದೆ, ಹೊಸ ಬೆಲ್ಟ್ ಹಾಕಿದೆ. ಐದು ತಿಂಗಳು ಸುಮ್ನೆ ಕಬ್ಬಿಣ ಹಾಳು ಮಾಡಿದೆ.

ಒಂದು ದಿನ ನಮ್ಮೂರ ಕುಲುಮೆಯ ಆಚಾರ್ರು ಯಾವುದೋ ಕೆಲಸಕ್ಕೆ ಬಂದಿದ್ದರು. ಎಪ್ಪತ್ತು ದಾಟಿದ ಜೀವ, ಈ ಮೆಷಿನ್ ಮುಟ್ಟಿದವರೇ ಅಲ್ಲ. ಚಾಕು ತಿರುಗಿಸಿ ನೋಡಿ ಕೇಳಿದರು, "ಕಲ್ಲು ಎಲ್ಲಿದೆ ತಮಾ?" ಇದಕ್ಕೆ ಕಲ್ಲಿಲ್ಲ ಆಚಾರ್ರೇ, ಬೆಲ್ಟೇ ಎಲ್ಲ ಅಂದೆ. "ಬೆಲ್ಟಿನ ಬೆನ್ನಿಗೆ ಏನೋ ಇರಬೇಕಲ್ಲ? ಸಾಣೆಕಲ್ಲು ಕುಳಿ ಬಿದ್ದರೆ ಕತ್ತಿಗೆ ಹೊಟ್ಟೆ ಬರ್ತದೆ. ಅದನ್ನು ನೋಡು ಮೊದಲು."

ಬೆಲ್ಟ್ ತೆಗೆದು, ಅದರ ಹಿಂದೆ ಆಸರೆಗಿರುವ ಚಪ್ಪಟೆ ಪಟ್ಟಿಗೆ, ಅಂದರೆ ಪ್ಲೇಟನ್‌ಗೆ ಸ್ಕೇಲು ಹಿಡಿದೆ. ನಡುವೆ ಸವೆದು ತಟ್ಟೆಯ ಹಾಗಾಗಿತ್ತು. ಎರಡು ಕಾಗದ ತೂರುವಷ್ಟು ಸಂದು. ಮೆದು ಕಬ್ಬಿಣದ ಪಟ್ಟಿ ಅದು. ಅದರ ಮೇಲೆ ಸೆಕೆಂಡಿಗೆ ಸುಮಾರು 15 ಮೀಟರ್ ವೇಗದಲ್ಲಿ ಬೆಲ್ಟ್ ಉಜ್ಜಿಕೊಂಡು ಓಡಿದರೆ ಸವೆಯದೆ ಏನಾಗುತ್ತದೆ? ಚಾಕು ಒತ್ತಿದಾಗ ಬೆಲ್ಟು ಆ ಕುಳಿಗೆ ಇಳಿಯುತ್ತದೆ, ಕುಳಿಯ ಅಚ್ಚು ಅಲಗಿನಲ್ಲಿ ಉಬ್ಬಾಗಿ ಮೂಡುತ್ತದೆ.

ಮಾರಿದವರಿಗೆ ಫೋನ್ ಮಾಡಿದರೆ "ಅದು ಸವೆಯೋ ಪಾರ್ಟು ಸರ್" ಅಂದರು. ಸರಿ, ಮೊದಲೇ ಹೇಳಬಹುದಿತ್ತಲ್ವಾ? ಪಟ್ಟಿಯನ್ನು ಮಿಲ್ಲಿಂಗ್ ಮಾಡಿಸಿ, ಮೇಲೆ ಶಾಖ ತಡೆಯುವ ಸೆರಾಮಿಕ್ ಗಾಜು ಅಂಟಿಸಿದೆ. ಎರಡು ಭಾಗ ಕಲಸುವ ಎಪಾಕ್ಸಿ ಸಾಕು. ಆದರೆ ಗಾಜಿನ ಕೆಳತುದಿಗೆ ಒಂದು ಸಣ್ಣ ಕಟ್ಟೆ ಇರಲಿ, ಬೆಲ್ಟು ಗಾಜನ್ನು ಕೆಳಗೆ ಎಳೆಯುತ್ತಲೇ ಇರುತ್ತದೆ. ಗಾಜು ಹಾಕಿ ಒಂದು ವರ್ಷದ ಮೇಲಾಯ್ತು. ಮೊನ್ನೆಯೂ ಸ್ಕೇಲು ಹಿಡಿದೆ, ಬೆಳಕಿಲ್ಲ.

ಹಾಗಂತ ಎಲ್ಲ ತಪ್ಪು ಪಟ್ಟಿಯದೇ ಅಲ್ಲ. ಗಾಜು ಹಾಕಿದ ಮೇಲೆ ಹೊಟ್ಟೆ ಹೋಯ್ತು, ಪಟ್ಟೆಗಳು ಉಳಿದವು. ಒಂದೇ ಇಳಿಜಾರು ಬರಬೇಕಾದಲ್ಲಿ ಎರಡು ಮೂರು ಮುಖ. ಇದು ಕೈಯದ್ದೇ. ಲೆಕ್ಕ ಹಾಕಿ: ಬೆನ್ನು 4 ಮಿ.ಮೀ. ದಪ್ಪ, ಅಗಲ 30 ಮಿ.ಮೀ. ಹದ ಕೊಡುವ ಮೊದಲು ಬಾಯಲ್ಲಿ 0.6 ಮಿ.ಮೀ. ಆದರೂ ಬಿಡಬೇಕು, ಇಲ್ಲದಿದ್ದರೆ ಕಾಸಿ ಎಣ್ಣೆಗೆ ಅದ್ದಿದಾಗ ಸೊಟ್ಟಗಾಗುತ್ತದೆ. ಹಾಗಾದರೆ ಒಂದೊಂದು ಬದಿಯಲ್ಲಿ ಇಳಿಯಬೇಕಾದದ್ದು 1.7 ಮಿ.ಮೀ., ಕೋನ 3 ಡಿಗ್ರಿ ಚಿಲ್ಲರೆ. ಮೊಣಕೈ ಚೂರು ಎದ್ದರೂ ಲೆಕ್ಕ ತಪ್ಪಿತು.

ಈಗ ಹೀಗೆ ಮಾಡುತ್ತೇನೆ. 4 ಮಿ.ಮೀ. ಅಲಗಿಗೆ 4 ಮಿ.ಮೀ. ಡ್ರಿಲ್ ಬಿಟ್. ಎರಡನ್ನೂ ಬೇರೊಂದು ಚಪ್ಪಟೆ ಗಾಜಿನ ತುಂಡಿನ ಮೇಲೆ ಮಲಗಿಸಿ ಬಿಟ್ಟಿನ ಮೂತಿಯಿಂದ ಬಾಯಿಯುದ್ದಕ್ಕೂ ಗೀರಿದರೆ ಸರಿಯಾಗಿ ನಡುಗೆರೆ. ಮಾರ್ಕರಿನ ಕಪ್ಪು ಬಳಿದರೆ ಗೀರು ಚೆನ್ನಾಗಿ ಕಾಣುತ್ತದೆ. ಮೊದಲು ಬಾಯಿಯ ಮೂಲೆಗಳನ್ನು ಹಳೇ ಬೆಲ್ಟಿನಲ್ಲಿ 45 ಡಿಗ್ರಿಗೆ ಮುರಿಯುತ್ತೇನೆ. ಚೂಪು ಮೂಲೆಗೆ ಹೊಸ ಬೆಲ್ಟ್ ಕೊಟ್ಟರೆ ಅದರ ಹರಳು ಉದುರಿಹೋಗುತ್ತದೆ. ಆಮೇಲೆ ಮೊಣಕೈ ಎರಡೂ ಪಕ್ಕೆಗೆ ಅಂಟಿಸಿ, ಕೈ ಅಲ್ಲಾಡಿಸದೆ ಸೊಂಟದಿಂದ ಬದಿಗೆ ಜರುಗುವುದು. ಮುಖ್ಯ ಸಂಗತಿ ಇನ್ನೊಂದಿದೆ. ಪ್ರತಿ ಸಲ ಬೆಲ್ಟಿಗೆ ತಾಗಿಸುವಾಗ ತಕ್ಷಣ ಒತ್ತಬೇಡಿ. ಆಗಲೇ ಆಗಿರುವ ಚಪ್ಪಟೆ ಜಾಗ ಬೆಲ್ಟಿನ ಮೇಲೆ ಮಲಗಿದ್ದು ಬೆರಳಿಗೆ ಗೊತ್ತಾಗುತ್ತದೆ, ಶಬ್ದವೂ ಬದಲಾಗುತ್ತದೆ. ಅದು ಗೊತ್ತಾದ ಮೇಲೆ ಒತ್ತಿ. ನನಗೆ ಎಡಬದಿ ಇವತ್ತಿಗೂ ಕಷ್ಟ, ಅದಕ್ಕೇ ಅದನ್ನೇ ಮೊದಲು ಮಾಡುತ್ತೇನೆ. ಬಲಬದಿಯನ್ನು ಅದಕ್ಕೆ ಹೊಂದಿಸುವುದು ಸುಲಭ.

ಬೆಲ್ಟಿನಲ್ಲಿ ಜಿಪುಣತನ ಬೇಡ. ಹರಿತ ಹೋದ ಬೆಲ್ಟಿಗೆ ನಾವು ಜಾಸ್ತಿ ಒತ್ತುತ್ತೇವೆ, ಒತ್ತಿದಾಗ ಕೈ ಓಲುತ್ತದೆ, ಕಬ್ಬಿಣವೂ ಕಾಯುತ್ತದೆ. ಹದ ಕೊಟ್ಟ ಅಲಗಿನ ಬಾಯಿ ನೀಲಿಯಾಯಿತೆಂದರೆ ಅಲ್ಲಿ ಸುಮಾರು 300 ಡಿಗ್ರಿ ಮುಟ್ಟಿದೆ, ಹದ ಹೋಯಿತು. ಅದಕ್ಕೇ ಬಿಸಿ ಬೆರಳಿಗೆ ಗೊತ್ತಾಗಲಿ ಅಂತ ಬರಿಗೈಯಲ್ಲಿ ಹಿಡಿಯುತ್ತೇನೆ, ಪಕ್ಕದಲ್ಲಿ ನೀರಿನ ಬಕೆಟ್ ಇರುತ್ತದೆ. 36 ಅಥವಾ 60 ನಂಬರಿನ ಒರಟು ಸೆರಾಮಿಕ್ ಬೆಲ್ಟಿನಲ್ಲಿ ಮುಕ್ಕಾಲು ಕೆಲಸ ಮುಗಿಸಿ, ನಯವಾದ 120 ಮತ್ತು 220 ಬರೀ ಗೀರು ತೆಗೆಯಲು. ಮಾಸ್ಕ್ ಬಿಡಬೇಡಿ. ಒಂದು ದಿನ ಬಿಟ್ಟೆ, ರಾತ್ರಿ ಮೂಗಿನಿಂದ ಬಂದದ್ದು ಕಪ್ಪು.

ಮಳೆಗಾಲ ಈ ಮೆಷಿನಿಗೆ ಆಗಿಬರುವುದಿಲ್ಲ. ಮೊದಲ ಜುಲೈಯಲ್ಲೇ ವಿಎಫ್‌ಡಿ ಸುಟ್ಟಿತು. ಒಳಗೆ ಕಬ್ಬಿಣದ ಧೂಳು, ಅದಕ್ಕೆ ಸಮುದ್ರದ ತೇವ. ಈಗಿನದು ಮುಚ್ಚಳವಿರುವ ಡಬ್ಬಿಯಲ್ಲಿ, ಗೋಡೆಯ ಆಚೆ ಬದಿ. ಬೆಲ್ಟುಗಳೂ ತೇವ ಕುಡಿದು ಸುರುಳುತ್ತವೆ, ಜೋಡಣೆ ಬಿಟ್ಟುಕೊಂಡರೆ ಮುಖಕ್ಕೇ ಹೊಡೆಯುತ್ತದೆ. ದಪ್ಪ ಪೈಪಿಗೆ ತೂಗುಹಾಕಿ ಅಟ್ಟದಲ್ಲಿಟ್ಟಿದ್ದೇನೆ. ಇನ್ನು ತುಕ್ಕು. ತುಕ್ಕಿಗೆ ಅಂತ ಎಣ್ಣೆ ಒರೆಸುವಾಗ ಬೆಲ್ಟ್ ಎಳೆಯುವ ಚಕ್ರಕ್ಕೂ ಒರೆಸಿಬಿಟ್ಟಿದ್ದೆ. ಮರುದಿನ ಬೆಲ್ಟು ನಿಂತಲ್ಲೇ, ಚಕ್ರ ಮಾತ್ರ ತಿರುಗುತ್ತಿತ್ತು.

ಮತ್ತೆ ಕೊಳ್ಳುತ್ತೀರಾ ಅಂದರೆ, ಹೌದು. ಐದಕ್ಕೆ ಮೂರೂವರೆ. ಅರ್ಧ ಕಡಿಮೆ ಆದದ್ದು ಆ ಬಾರದ ಚೀಟಿಗೆ, ಒಂದು ಪೂರ್ತಿ ಹೋದದ್ದು ಪಟ್ಟಿಗೆ. ಕೊಳ್ಳುವವರು ಗಾಜನ್ನೂ ಅದರ ಜೊತೆಗೇ ತರಿಸಿಕೊಳ್ಳಿ, ಆದರೆ ಎರಡು. ನನ್ನದರ ಮೂಲೆ ಹೋದ ವಾರ ಹಾರಿತು. ಆಚಾರ್ರಿಗೆ ತೋರಿಸಲು ಬೆಲ್ಟ್ ಬಿಚ್ಚಿದ್ದೆ, ಸ್ಪ್ಯಾನರ್ ಕೈಜಾರಿತು.