ಸರಸ್ವತಿಪುರಂ ಕಡೆಯ ಒಂದು ರೀಡಿಂಗ್ ರೂಮ್: ಸೀಟು ಓಕೆ, ಲೈಟು ಓಕೆ, ಆ ಬೋರ್ಡ್ ಒಂದು ತೆಗೀಬೇಕು

ಮೈಸೂರಲ್ಲಿ ಈಗ ಕ್ರಾಸಿಗೊಂದು ರೀಡಿಂಗ್ ರೂಮ್ ಆಗಿದೆ, ಯಾವುದಕ್ಕೆ ಸೇರೋದು ಅಂತ ಜೂನಿಯರ್ಸ್ ಕೇಳ್ತಾನೇ ಇರ್ತಾರೆ, ಅದಕ್ಕೆ ನಾನು ಹೋಗೋ ಜಾಗದ ಬಗ್ಗೆ ಬರೀತಿದೀನಿ. ಹೆಸರು ಹಾಕಲ್ಲ. ಇನ್ನೂ ಅಲ್ಲೇ ಕೂರ್ಬೇಕು ನಾನು, ಓನರ್ ಬೇರೆ ಒಳ್ಳೆ ಮನುಷ್ಯ. ಸರಸ್ವತಿಪುರಂ ಕಡೆ, ಕೆಳಗೆ ಜೆರಾಕ್ಸ್ ಅಂಗಡಿ, ಮೇಲೆ ಎರಡು ಫ್ಲೋರು ಕ್ಯಾಬಿನ್ನು, ಇಂಥವು ಆ ಸುತ್ತಮುತ್ತ ಬೇಕಾದಷ್ಟಿವೆ ಬಿಡಿ.

ನಂದು ಎಂಎ ಸೈಕಾಲಜಿ, ಈಗ ಕೆ-ಸೆಟ್‌ಗೆ, ಅಂದ್ರೆ ಕಾಲೇಜ್ ಮೇಷ್ಟ್ರಾಗೋಕೆ ಬೇಕಾದ ಅರ್ಹತಾ ಪರೀಕ್ಷೆಗೆ ಓದ್ತಿದೀನಿ. ಅಕ್ಕಪಕ್ಕದೋರೆಲ್ಲ ಪಿಡಿಒ, ಎಫ್‌ಡಿಎ, ಪಿಎಸ್‌ಐ, ಕೆಎಎಸ್, ಮೂಲೇಲಿ ಒಬ್ರು ಸಿಎ. ಜ್ಞಾಪಕ, ಕಲಿಕೆ, ನಿದ್ದೆ ಇವೆಲ್ಲ ನನ್ನ ಸಿಲಬಸ್ಸಲ್ಲೇ ಇರೋದ್ರಿಂದ ಪುಸ್ತಕದಲ್ಲಿರೋದಕ್ಕೂ ಈ ರೂಮ್ ನಡೆಯೋ ರೀತಿಗೂ ತಾಳೆ ಹಾಕ್ತಾ ಕೂರೋ ಚಟ ನಂಗೆ, ಈ ರಿವ್ಯೂ ಕೂಡ ಆ ಕಡೆಗೇ ಹೋಗುತ್ತೆ, ಬರೀ ಫೀಸು ಪಾರ್ಕಿಂಗು ಬೇಕಾದೋರು ಕೊನೆಗೆ ಹೋಗ್ಬಿಡಿ.

ಮೊದಲು ಒಳ್ಳೇದು. ಒಂದೊಂದು ಸೀಟಿಗೂ ಬೇರೆ ಟ್ಯೂಬ್‌ಲೈಟು, ಪುಸ್ತಕದ ಮೇಲೆ ತಲೆ ನೆರಳು ಬೀಳಲ್ಲ, ಇದು ಸಣ್ಣ ವಿಷಯ ಅಲ್ಲ. ಪ್ಲಗ್ ಪಾಯಿಂಟ್ ಇದೆ, ಯುಪಿಎಸ್ ಇದೆ, ಕರೆಂಟ್ ಹೋಗಿದ್ದೇ ಗೊತ್ತಾಗಲ್ಲ. ಹೆಣ್ಣುಮಕ್ಕಳಿಗೆ ಬೇರೆ ಫ್ಲೋರು, ಅಲ್ಲಿಗೇ ಬೇರೆ ಟಾಯ್ಲೆಟ್ಟು, ಕ್ಲೀನಾಗೂ ಇದೆ ಅಂತ ನನ್ನ ಕ್ಲಾಸ್‌ಮೇಟ್ ಹೇಳಿದ್ಲು. ಕುರ್ಚಿ ಸುಮಾರು. ಮೇಲಿನ ಫ್ಲೋರು ಶೀಟ್ ರೂಫು, ಮಾರ್ಚ್ ಏಪ್ರಿಲ್‌ನಲ್ಲಿ ಮಧ್ಯಾಹ್ನ ಅಲ್ಲಿ ಕೂತ್ರೆ ಬೆಂದೋಗ್ತೀರ. ಎಸಿ ರೂಮಲ್ಲಿ ತಂಪಿದೆ, ಆದ್ರೆ ಕಿಟಕಿಗೆಲ್ಲ ಸ್ಕ್ರೂ ಹೊಡೆದು ಮುಚ್ಚಿದಾರೆ, ಊಟ ಆದ್ಮೇಲೆ ನಲವತ್ತು ಜನದ ಉಸಿರು ಒಳಗೇ ಸುತ್ತುತ್ತೆ, ಎಲ್ಲರೂ ಸಾಲಾಗಿ ಆಕಳಿಸ್ತಿರ್ತಾರೆ.

ಈಗ ಆ ಬೋರ್ಡಿನ ವಿಷಯ. ಮೆಟ್ಟಿಲು ಹತ್ತಿದ ತಕ್ಷಣ ಎದುರಿಗೇ ಒಂದು ದೊಡ್ಡ ವೈಟ್‌ಬೋರ್ಡ್, ಮೇಲೆ ಕೆಂಪು ಮಾರ್ಕರ್‌ನಲ್ಲಿ ‘ಈ ವಾರದ ಟಾಪ್ 10’. ಬಾಗಿಲಲ್ಲಿ ಬೆರಳಿಟ್ಟು ಪಂಚ್ ಮಾಡ್ಬೇಕು, ಒಳಗೆ ಎಷ್ಟು ಗಂಟೆ ಇದ್ರಿ ಅಂತ ಮೆಷಿನ್ನೇ ಲೆಕ್ಕ ಇಡುತ್ತೆ, ಜಾಸ್ತಿ ಗಂಟೆ ಇದ್ದೋರ ಹೆಸರು ಬೋರ್ಡಿಗೆ, ಫಸ್ಟ್ ಬಂದೋರಿಗೆ ಮುಂದಿನ ತಿಂಗಳ ಫೀಸಲ್ಲಿ 200 ರೂಪಾಯಿ ಕಮ್ಮಿ. ಕೇಳೋಕೆ ಚೆನ್ನಾಗೇ ಇದೆ. ಆಗ್ತಿರೋದೇನು ಅಂದ್ರೆ ಟಾಪ್ ಮೂರರಲ್ಲಿರೋ ಒಬ್ಬ ಹುಡುಗ ಮಧ್ಯಾಹ್ನ ಲಕ್ಷ್ಮೀಕಾಂತ್ ಬರೆದ ಪಾಲಿಟಿ ಪುಸ್ತಕದ ಮೇಲೆ ಕೆನ್ನೆ ಇಟ್ಟು ಮಲಗಿರ್ತಾನೆ, ಎದ್ದಾಗ ಕೆನ್ನೆ ಮೇಲೆ ಸ್ಪೈರಲ್ ಬೈಂಡಿನ ಗೆರೆ ಮೂಡಿರುತ್ತೆ, ಮನೆಗೆ ಹೋಗಿ ಮಲಗಪ್ಪಾ ಅಂದ್ರೆ ಗಂಟೆ ಹೋಗುತ್ತೆ ಬ್ರೋ ಅಂತಾನೆ.

ಗಂಟೆ ಲೆಕ್ಕ ಯಾಕೆ ಮೋಸ ಅಂತ ಹೇಳ್ತೀನಿ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿರೋ ವಾಷಿಂಗ್ಟನ್ ಯೂನಿವರ್ಸಿಟಿಯಲ್ಲಿ ರೋಡಿಗರ್, ಕಾರ್ಪಿಕಿ ಅಂತ ಇಬ್ರು 2006ರಲ್ಲಿ ಒಂದು ಪ್ರಯೋಗ ಪ್ರಕಟಿಸಿದ್ರು. ಕಾಲೇಜ್ ಹುಡುಗರಿಗೆ ಒಂದು ಪ್ಯಾಸೇಜ್ ಕೊಟ್ರು. ಒಂದು ಗುಂಪಿಗೆ ಅದನ್ನೇ ನಾಲ್ಕು ಸುತ್ತು ಓದೋಕೆ ಟೈಮು. ಇನ್ನೊಂದು ಗುಂಪು ಒಂದು ಸುತ್ತು ಓದಿ, ಹಾಳೆ ಪಕ್ಕಕ್ಕಿಟ್ಟು, ನೆನಪಿಗೆ ಬಂದಿದ್ದನ್ನ ಮೂರು ಸುತ್ತು ಬರೀಬೇಕು, ತಪ್ಪು ಸರಿ ಯಾರೂ ಹೇಳಲ್ಲ. ಐದು ನಿಮಿಷ ಬಿಟ್ಟು ಟೆಸ್ಟ್ ಮಾಡಿದಾಗ ನಾಲ್ಕು ಸುತ್ತು ಓದಿದೋರಿಗೆ 83 ಪರ್ಸೆಂಟ್ ನೆನಪಿತ್ತು, ಬರೆದೋರಿಗೆ 71. ಇಲ್ಲಿಗೇ ನಿಲ್ಲಿಸಿದ್ರೆ ನಮ್ಮ ಬೋರ್ಡೇ ಗೆದ್ದಂಗೆ. ಆದ್ರೆ ಒಂದು ವಾರ ಬಿಟ್ಟು ನೋಡಿದ್ರೆ ಓದಿದೋರದ್ದು 40ಕ್ಕೆ ಇಳಿದಿತ್ತು, ಬರೆದೋರದ್ದು 61ರಲ್ಲಿತ್ತು. ಇನ್ನೊಂದು ಮಜಾ ಏನಂದ್ರೆ ಒಂದು ವಾರ ಆದ್ಮೇಲೆ ನಿಮಗೆಷ್ಟು ನೆನಪಿರುತ್ತೆ ಅಂತ ಮೊದಲೇ ಕೇಳಿದಾಗ ಎಲ್ಲರಿಗಿಂತ ಜಾಸ್ತಿ ಧೈರ್ಯವಾಗಿ ಹೇಳಿದೋರು ಆ ನಾಲ್ಕು ಸುತ್ತಿನೋರೇ. ಓದಿದ್ದನ್ನೇ ಓದ್ತಾ ಹೋದ್ರೆ ಅಕ್ಷರ ಪರಿಚಯ ಆಗಿಬಿಡುತ್ತೆ, ಕಣ್ಣು ಸಲೀಸಾಗಿ ಓಡುತ್ತೆ, ಬಂತು ಅನ್ಸುತ್ತೆ, ಎಕ್ಸಾಮ್ ಹಾಲಲ್ಲಿ ಕೂತಾಗ ಪೇಜ್ ನಂಬರ್ ನೆನಪಾಗುತ್ತೆ, ಉತ್ತರ ನೆನಪಾಗಲ್ಲ.

ಕೆಳಗಿನ ಜೆರಾಕ್ಸ್ ಅಂಗಡಿಯೋರು ಹೈಲೈಟರ್ ಸೆಟ್ಟು ಮಾರಿ ಮಾರಿ ಸುಸ್ತಾಗಿದಾರೆ. 2013ರಲ್ಲಿ ಡನ್‌ಲಾಸ್ಕಿ ಮತ್ತೆ ಜೊತೆಯವರು ಓದೋ ಹತ್ತು ವಿಧಾನ ತಗೊಂಡು ಅದುವರೆಗಿನ ಸಂಶೋಧನೆಯೆಲ್ಲ ಜಾಲಾಡಿ ನೋಡಿದ್ರು, ಗೆರೆ ಎಳೆಯೋದು, ಮತ್ತೆ ಮತ್ತೆ ಓದೋದು ಎರಡಕ್ಕೂ ಕಡಿಮೆ ಉಪಯೋಗ ಅಂತ ಮಾರ್ಕ್ಸ್ ಕೊಟ್ರು. ತನ್ನನ್ನ ತಾನೇ ಪರೀಕ್ಷೆ ಮಾಡ್ಕೊಳ್ಳೋದು, ದಿನ ಬಿಟ್ಟು ದಿನ ಹಂಚಿ ಓದೋದು, ಇವೆರಡಕ್ಕೇ ಫಸ್ಟ್ ಕ್ಲಾಸ್ ಸಿಕ್ಕಿದ್ದು. ನಾಲ್ಕು ಕಲರ್ ಹೈಲೈಟರ್ ಇಟ್ಕೊಂಡಿರೋ ನಮ್ಮ ಸಿಎ ಅಕ್ಕನಿಗೆ ಹೇಳೋ ಧೈರ್ಯ ನಂಗಿಲ್ಲ.

ಓನರ್‌ಗೆ ಹೇಳಿದೆ. ‘ಅಲ್ಲಪ್ಪಾ, ಕೂತಿದ್ದನ್ನಾದ್ರೆ ಅಳೀಬಹುದು, ತಲೆಗೆ ಹೋಗಿದ್ದನ್ನ ನಾನೆಲ್ಲಿ ಅಳೀಲಿ?’ ಅಂದ್ರು. ನ್ಯಾಯವಾದ ಮಾತೇ. ಆಮೇಲೆ, ಅವೆಲ್ಲ ಅಮೆರಿಕದ್ದು ಕಣಪ್ಪ, ನಮ್ಮೂರಿಗಾಗಲ್ಲ ಅಂದ್ರು, ಅದನ್ನ ಮಾತ್ರ ಒಪ್ಪಲ್ಲ. ಮನಶ್ಶಾಸ್ತ್ರ ಮೈಸೂರಿಗೆ ನಿನ್ನೆ ಮೊನ್ನೆ ಬಂದಿದ್ದಲ್ಲ, 1935ರಲ್ಲಿ ತನ್ನ ಮನೇಲೇ ರೇಡಿಯೋ ಸ್ಟೇಷನ್ ಶುರು ಮಾಡಿ ‘ಆಕಾಶವಾಣಿ’ ಅನ್ನೋ ಹೆಸರನ್ನ ಚಾಲ್ತಿಗೆ ತಂದ ಎಂ.ವಿ. ಗೋಪಾಲಸ್ವಾಮಿ ಮಹಾರಾಜ ಕಾಲೇಜಲ್ಲಿ ಪಾಠ ಮಾಡ್ತಿದ್ದದ್ದು ಇದೇ ಸಬ್ಜೆಕ್ಟು. ಜನಕ್ಕೆ ರೇಡಿಯೋ ಗೊತ್ತು, ಮೇಷ್ಟ್ರು ಸೈಕಾಲಜಿಯೋರು ಅನ್ನೋದು ಗೊತ್ತಿಲ್ಲ.

ನೈಟ್ ಪ್ಯಾಕ್ ಬಗ್ಗೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಅರ್ಧ ರೇಟು. ಮೆಟ್ಟಿಲ ಗೋಡೆ ಮೇಲೆ ‘ನಿದ್ದೆ ಬಿಟ್ಟೋನೇ ಆಫೀಸರ್’ ಅಂತ ಫ್ಲೆಕ್ಸ್ ಹಾಕಿದಾರೆ. ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಫ್ಯಾಕ್ಟರಿ ಕೆಲಸ ಮುಗಿಸ್ಕೊಂಡು ಬರೋ ಹುಡುಗರಿಗೆ ಬೇರೆ ಟೈಮೇ ಇಲ್ಲ, ಅಂಥೋರಿಗೆ ಈ ಪ್ಯಾಕ್ ದೊಡ್ಡ ಉಪಕಾರ, ಅದಕ್ಕೆ ನಂದೇನೂ ತಕರಾರಿಲ್ಲ. ಹಗಲೂ ಇಲ್ಲೇ ಇದ್ದು, ಬೋರ್ಡಿಗೋಸ್ಕರ ರಾತ್ರೀನೂ ಸೇರಿಸ್ಕೊಳ್ಳೋರ ವಿಷಯ ಬೇರೆ. 2003ರಲ್ಲಿ ವ್ಯಾನ್ ಡೋಂಗನ್ ತಂಡ ಆರೋಗ್ಯವಾಗಿರೋ ಜನರನ್ನ ಲ್ಯಾಬಲ್ಲೇ ಇಟ್ಕೊಂಡು ಎರಡು ವಾರ ಒಬ್ಬೊಬ್ಬರಿಗೆ ನಾಲ್ಕು, ಆರು, ಎಂಟು ಗಂಟೆ ಅಂತ ನಿದ್ದೆ ಅಳೆದು ಕೊಟ್ರು. ಆರು ಗಂಟೆ ಅಥವಾ ಅದಕ್ಕೂ ಕಮ್ಮಿ ಮಲಗಿದೋರ ಗಮನ, ಜ್ಞಾಪಕ ದಿನದಿಂದ ದಿನಕ್ಕೆ ಇಳೀತಾ ಹೋಗಿ, ಕೊನೆ ಹೊತ್ತಿಗೆ ಒಂದೆರಡು ರಾತ್ರಿ ಪೂರ್ತಿ ನಿದ್ದೆಗೆಟ್ಟೋರ ಮಟ್ಟಕ್ಕೆ ಬಂದಿತ್ತು. ಕೇಳಿದ್ರೆ ಮಾತ್ರ ಸ್ವಲ್ಪ ನಿದ್ದೆ ಬಂದಂಗಿದೆ ಅಷ್ಟೇ ಅಂತಿದ್ರು. ತಾನು ಎಷ್ಟು ಹಾಳಾಗಿದೀನಿ ಅನ್ನೋದು ತನಗೇ ಗೊತ್ತಾಗಲ್ಲ, ಭಯ ಆಗೋದು ಅದೇ. ‘ನಂಗೆ ಐದು ಗಂಟೆ ಸಾಕು ಬ್ರೋ, ಅಭ್ಯಾಸ ಆಗಿದೆ’ ಅಂತ ನೈಟ್ ಬ್ಯಾಚ್ ಹುಡುಗರು ಹೇಳಿದಾಗೆಲ್ಲ ಇದೇ ನೆನಪಾಗುತ್ತೆ. ಆ ಫ್ಲೆಕ್ಸ್‌ಗೆ ಒಂದು ಸ್ಟಾರ್ ಕಟ್.

ಹಾಲ್ ಸೀಟಾ ಕ್ಯಾಬಿನ್ನಾ ಅಂತ ತುಂಬ ಜನ ಕೇಳ್ತಾರೆ. ಇದಕ್ಕೆ ಜಿರಳೆ ಉತ್ತರ ಇದೆ, ನಗಬೇಡಿ. ಸುತ್ತ ಜನ ಇದ್ರೆ ಚೆನ್ನಾಗಿ ಬರೋ ಕೆಲಸ ಇನ್ನೂ ಚೆನ್ನಾಗಾಗುತ್ತೆ, ಹೊಸದು, ಕಷ್ಟದ್ದು ಇನ್ನೂ ಕೆಡುತ್ತೆ ಅಂತ ಝಾಯಾನ್ಸ್ ಅನ್ನೋ ಮನಶ್ಶಾಸ್ತ್ರಜ್ಞರು 1965ರಲ್ಲಿ ಹೇಳಿದ್ರು, 1969ರಲ್ಲಿ ಜೊತೆಯವರನ್ನ ಸೇರಿಸ್ಕೊಂಡು ಅದನ್ನ ಜಿರಳೆ ಮೇಲೇ ಮಾಡಿ ತೋರಿಸಿದ್ರು. ಲೈಟ್ ಹಾಕಿದ್ರೆ ಜಿರಳೆ ಓಡುತ್ತಲ್ಲ, ನೇರ ದಾರಿ ಇಟ್ಟು, ಪಕ್ಕದ ಪಾರದರ್ಶಕ ಡಬ್ಬಿಗಳಲ್ಲಿ ಬೇರೆ ಜಿರಳೆಗಳನ್ನ ಪ್ರೇಕ್ಷಕರ ಥರ ಕೂರಿಸಿದ್ರೆ ಇದು ಇನ್ನೂ ಜೋರಾಗಿ ಓಡ್ತು. ಅದೇ ತಿರುವಿರೋ ದಾರಿ ಇಟ್ಟಾಗ ಪ್ರೇಕ್ಷಕರ ಮುಂದೆ ತಡಬಡಾಯಿಸಿ ಜಾಸ್ತಿ ಟೈಮ್ ತಗೊಳ್ತು. ಮನುಷ್ಯರ ಮೇಲೂ ಬೇಕಾದಷ್ಟು ಪ್ರಯೋಗ ಆಗಿದೆ, ಪರಿಣಾಮ ತೀರಾ ದೊಡ್ಡದಲ್ಲ, ದಿಕ್ಕು ಮಾತ್ರ ಹೆಚ್ಚುಕಮ್ಮಿ ಇದೇ. ನನ್ನ ಲೆಕ್ಕ ಇಷ್ಟು, ರಿವಿಷನ್, ಕರೆಂಟ್ ಅಫೇರ್ಸ್ ಇಂಥದ್ದಕ್ಕೆ ಹಾಲ್ ಸೀಟೇ ಸರಿ, ನಾಲ್ಕು ಜನ ಓದ್ತಿರೋದು ನೋಡಿ ನಮಗೂ ಹುಮ್ಮಸ್ಸು ಬರುತ್ತೆ. ಮೆಂಟಲ್ ಎಬಿಲಿಟಿ, ಸ್ಟಾಟಿಸ್ಟಿಕ್ಸ್ ಥರದ್ದು ಹೊಸದಾಗಿ ಕಲೀತಿದ್ರೆ ಮನೆ ಮೂಲೆ ಅಥವಾ ಕ್ಯಾಬಿನ್. ಅಂದಹಾಗೆ ನಮ್ಮ ರೂಮಲ್ಲಿ ನಿಜವಾದ ಜಿರಳೆ ಒಂದೂ ಇಲ್ಲ, ಅದಕ್ಕೆ ಕಟ್ ಮಾಡಿದ ಸ್ಟಾರ್ ವಾಪಸ್.

ಫಿಕ್ಸೆಡ್ ಸೀಟಿಗೆ ಜಾಸ್ತಿ ದುಡ್ಡು ಕೊಡ್ಬೇಡಿ. ಒಂದೇ ಜಾಗ ಇದ್ರೇನೇ ಓದು ಹತ್ತೋದು ಅಂತಾರೆ ದೊಡ್ಡೋರು, ಆದ್ರೆ ಸ್ಮಿತ್, ಗ್ಲೆನ್‌ಬರ್ಗ್, ಬ್ಯೋರ್ಕ್ 1978ರಲ್ಲಿ ಒಂದೇ ಪದಗಳ ಪಟ್ಟೀನ ಕೆಲವರಿಗೆ ಒಂದೇ ರೂಮಲ್ಲಿ ಎರಡು ಸಲ, ಕೆಲವರಿಗೆ ಎರಡು ಬೇರೆ ಬೇರೆ ರೂಮಲ್ಲಿ ಓದಿಸಿ ನೋಡಿದಾಗ, ಜಾಗ ಬದಲಾಯಿಸಿದೋರಿಗೇ ಜಾಸ್ತಿ ನೆನಪಿತ್ತು. ಫ್ಲೋಟಿಂಗ್ ತಗೊಳ್ಳಿ, 200 ರೂಪಾಯಿ ಉಳಿಯುತ್ತೆ, ಬೆಳಿಗ್ಗೆ ಕಿಟಕಿ ಪಕ್ಕ, ಸಂಜೆ ಬಾಗಿಲ ಪಕ್ಕ.

ಮೊಬೈಲ್ ಲಾಕರ್ ಫ್ರೀ, ಆದ್ರೆ ಕಡ್ಡಾಯ ಇಲ್ಲ, ಅದಕ್ಕೇ ಯಾರೂ ಇಡಲ್ಲ. ಫೋನ್ ಸೈಲೆಂಟಲ್ಲಿ ಟೇಬಲ್ ಮೇಲಿದ್ರೂ ಗಮನ ಸ್ವಲ್ಪ ಹರಿದುಹೋಗುತ್ತೆ, ಬೇರೆ ರೂಮಲ್ಲಿಟ್ರೆ ಉತ್ತಮ ಅಂತ 2017ರಲ್ಲಿ ಒಂದು ಸ್ಟಡಿ ಜೋರಾಗಿ ಸುದ್ದಿ ಮಾಡ್ತು, ಆಮೇಲೆ ಬೇರೆಯವರು ಮಾಡಿದಾಗ ಎಲ್ಲ ಕಡೆ ಅದೇ ಫಲ ಬರ್ಲಿಲ್ಲ. ಸ್ಟಡಿ ಹಾಳಾಗ್ಲಿ, ಪಕ್ಕದೋನು ರೀಲ್ಸ್ ನೋಡ್ತಾ ಮುಸಿಮುಸಿ ನಗ್ತಿದ್ರೆ ನನ್ನ ಗಮನ ಹರಿಯೋದಂತೂ ಗ್ಯಾರಂಟಿ.

ಈಗ ಈ ಜಾಗದಲ್ಲಿ ನಿಜವಾಗ್ಲೂ ದುಡ್ಡು ಕೊಡ್ಬಹುದಾದ ಒಂದು ವಿಷಯ, ಅದು ಪಾಂಪ್ಲೆಟ್‌ನಲ್ಲೇ ಇಲ್ಲ. ಮೊದಲನೇ ಫ್ಲೋರಲ್ಲಿ ಮೆಟ್ಟಿಲ ಪಕ್ಕ ಒಂದು ಚಿಕ್ಕ ವರಾಂಡ, ನೀರಿನ ಫಿಲ್ಟರ್ ಇರೋ ಕಡೆ. ಸಂಜೆ ಮಂಡ್ಯ ಕಡೆ ಹುಡುಗರು ಮೂರ್ನಾಲ್ಕು ಜನ ಅಲ್ಲಿ ನಿಂತ್ಕೊಂಡು, ಕೈಯಲ್ಲಿ ಕಾಫಿ ಕಪ್ಪು, ಪುಸ್ತಕ ಇಲ್ಲ, ಸಂವಿಧಾನದ ಪಂಚಾಯತ್ ರಾಜ್ ವಿಧಿಗಳನ್ನ ಶುರು ಮಾಡ್ತಾರೆ.

‘ಲೇ, 243 ಡಿ ಏನ್ಲಾ?’

‘ಮೀಸಲಾತಿ.’

‘ಜಿ?’

‘ಪಂಚಾಯ್ತಿ ಅಧಿಕಾರ. ಹನ್ನೊಂದ್ನೇ ಷೆಡ್ಯೂಲು, 29 ವಿಷ್ಯ.’

‘ಐ ಯೋಳು ಮತ್ತೆ.’

‘ಎಲೆಕ್ಷನ್ ಕಮಿಷನ್ನು.’

‘ಅಲ್ಲಾ ಕನ್ಲಾ, ಐ ಅಂದ್ರೆ ಹಣಕಾಸು ಆಯೋಗ, ಎಲೆಕ್ಷನ್ದು ಕೆ. ಯಾವಾಗ್ಲೂ ಇದ್ನೇ ತೆಪ್ ಮಾಡ್ತೀಯ ನೋಡು.’

ತಪ್ಪು ಹೇಳಿದೋನು ಮುಖ ಸಪ್ಪೆ ಮಾಡ್ಕೊಂಡು ಒಳಗೆ ಹೋಗಿ ಪುಸ್ತಕ ತೆಗೆದು ನೋಡ್ತಾನೆ, ಎರಡು ದಿನ ಬಿಟ್ಟು ಅವನೇ ಬೇರೆಯೋನಿಗೆ ಅದೇ ಪ್ರಶ್ನೆ ಹಾಕ್ತಾನೆ. ಪುಸ್ತಕ ಮುಚ್ಚಿ ನೆನಪಿಂದ ಎಳೆಯೋದು, ತಪ್ಪಿದ್ರೆ ಆಗ್ಲೇ ತಿದ್ದಿಸ್ಕೊಳ್ಳೋದು, ದಿನ ಬಿಟ್ಟು ಮತ್ತೆ ಕೇಳೋದು, ರೋಡಿಗರ್ ಹೆಸರು ಕೇಳದೇನೇ ಈ ಹುಡುಗರು ಅದನ್ನ ಕಾಫಿ ಟೈಮಲ್ಲಿ ಮುಗಿಸ್ತಾರೆ. ನಾನೂ ಹೋಗಿ ನಿಂತ್ಕೋತೀನಿ, ನಂಗೆ ಪಿಡಿಒ ಬೇಡ, ಆದ್ರೂ 73ನೇ ತಿದ್ದುಪಡಿ ಬಾಯಿಗೆ ಬಂದಿದೆ, ಅವರು ನನ್ನ ಕೆ-ಸೆಟ್ ಪ್ರಶ್ನೆ ಹಿಡ್ಕೊಂಡು ‘ಎಬ್ಬಿಂಗ್‌ಹೌಸ್ ಯಾವ ವರ್ಷ ಸಾರ್?’ ಅಂತ ಕೇಳ್ತಾರೆ. 1885, ಜ್ಞಾಪಕದ ಮೇಲೆ ಅವರ ಪುಸ್ತಕ ಬಂದ ವರ್ಷ.

ಹೋದ ತಿಂಗಳು ಓನರ್ ಆ ವರಾಂಡಕ್ಕೆ ಒಂದು ಎ4 ಹಾಳೆ ಅಂಟಿಸಿದಾರೆ, ‘ಇಲ್ಲಿ ಗುಂಪಾಗಿ ನಿಂತು ಮಾತಾಡಬಾರದು’. ಒಳಗೆ ಓದೋರಿಗೆ ಡಿಸ್ಟರ್ಬ್ ಅಂತ ಕಂಪ್ಲೇಂಟ್ ಬಂತಂತೆ. ಡಿಸ್ಟರ್ಬ್ ಆಗೋದು ನಿಜ, ಇಲ್ಲ ಅನ್ನಲ್ಲ, ಆ ಬಾಗಿಲು ಸರಿಯಾಗಿ ಮುಚ್ಚೋದೇ ಇಲ್ಲ. ಬಾಗಿಲು ರಿಪೇರಿ ಮಾಡಿಸಿ, ವರಾಂಡದಲ್ಲಿ ಒಂದು ಬೆಂಚ್ ಹಾಕಿ, ಟಾಪ್ 10 ಅಳಿಸಿ ಅದೇ ಬೋರ್ಡಲ್ಲಿ ದಿನಾ ಹತ್ತು ಪ್ರಶ್ನೆ ಬರೀರಿ, ಉತ್ತರ ಮಾರನೇ ದಿನ ಹಾಕಿ ಅಂತ ಸಜೆಷನ್ ಬಾಕ್ಸಿಗೆ ಚೀಟಿ ಹಾಕಿದೀನಿ. ಬಾಗಿಲಿಗೆ ಬಡಗಿ ಬಂದು ಅಳತೆ ತಗೊಂಡು ಹೋದ. ಬೋರ್ಡ್ ಹಂಗೇ ಇದೆ.

ಇನ್ನ ಲೆಕ್ಕ. ನಾನ್ ಎಸಿ ಫ್ಲೋಟಿಂಗ್ ತಿಂಗಳಿಗೆ 1,000, ಫಿಕ್ಸೆಡ್ 1,200, ಎಸಿ 1,600, ಅಡ್ವಾನ್ಸ್ 500. ನನ್ನ ಕಡೆಯಿಂದ ಐದಕ್ಕೆ ಮೂರೂವರೆ. ಪಿಜಿಯಲ್ಲಿ ಮೂರು ಜನ ಒಂದೇ ರೂಮಲ್ಲಿ ಇರೋರು, ಮನೇಲಿ ಟಿವಿ ಕಾಟ ಇರೋರು ಧಾರಾಳವಾಗಿ ಸೇರಿ. ಮನೇಲಿ ಒಂದು ರೂಮು, ಪ್ರಶ್ನೆ ಕೇಳೋಕೆ ಒಬ್ಬ ಫ್ರೆಂಡ್ ಇದ್ರೆ ಈ ದುಡ್ಡಲ್ಲಿ ಮಾಕ್ ಟೆಸ್ಟ್ ಸೀರೀಸ್ ತಗೊಳ್ಳಿ. ಬೈಕ್ ಪಾರ್ಕಿಂಗ್ ರೋಡಲ್ಲೇ, ಸಂಜೆ ಆರರ ಮೇಲೆ ಜಾಗ ಸಿಗಲ್ಲ. ಅಡ್ವಾನ್ಸ್‌ಗೆ ರಸೀದಿ ಕೇಳಿ ಇಸ್ಕೊಳ್ಳಿ, ಬಿಡುವಾಗ ಅದಿಲ್ಲ ಅಂದ್ರೆ ಅಲ್ಲಿನ ಮ್ಯಾನೇಜರ್ ದುಡ್ಡು ವಾಪಸ್ ಕೊಡೋಕೆ ತುಂಬ ಎಳೆದಾಡ್ತಾನೆ.