ಬಿಎಸ್‌ಸಿಸ್ಕ್ಯಾನ್, ಈಥರ್‌ಸ್ಕ್ಯಾನ್: ದಾಲ್ ಮಿಲ್ ಮುನೀಮನ ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ, ನಾನು ಕಂಪ್ಯೂಟರ್ ಓದಿದವನಲ್ಲ. ಕಲಬುರಗಿಯ ಒಂದು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತೇನೆ, ಜಿಎಸ್‌ಟಿ ರಿಟರ್ನ್ ಹಾಕುತ್ತೇನೆ, ತೊಗರಿ ಸೀಜನ್ ಬಂತೆಂದರೆ ರಾತ್ರಿ ಹತ್ತಾದರೂ ಕೀರ್ದಿ ಮುಗಿಯುವುದಿಲ್ಲ. ಕ್ರಿಪ್ಟೊದಲ್ಲಿ ಒಂದು ರೂಪಾಯಿಯನ್ನೂ ಹಾಕಿಲ್ಲ. ಆದರೂ ಮೂರು ತಿಂಗಳಿಂದ ಊಟ ಆದಮೇಲೆ ಬ್ಲಾಕ್‌ಚೈನ್ ಎಕ್ಸ್‌ಪ್ಲೋರರ್, ಅಂದರೆ ಕ್ರಿಪ್ಟೊ ವ್ಯವಹಾರದ ಬಹಿರಂಗ ಲೆಕ್ಕಪುಸ್ತಕ ತೋರಿಸುವ ವೆಬ್‌ಸೈಟ್, ತೆರೆದು ಕೂರುತ್ತಿದ್ದೇನೆ. ಕಾರಣ ನಮ್ಮ ಕಾಕಾ.

ಕಾಕಾಗೆ ಗಂಜ್‌ನಲ್ಲಿ ಸಣ್ಣ ಅಡತಿ ಅಂಗಡಿ ಇದೆ. ಚೀಲದಿಂದ ಒಂದು ಹಿಡಿ ತೊಗರಿ ತೆಗೆದರೆ ಸಾಕು, ತೇವ ಎಷ್ಟು ಕಸ ಎಷ್ಟು ಅಂತ ಹೇಳುವ ಮನುಷ್ಯ. ಅಂಥವರು ಒಂದು ಹೋಟೆಲ್ ಹಾಲ್‌ನಲ್ಲಿ ನಡೆದ ಮೀಟಿಂಗ್‌ಗೆ ಹೋಗಿ, ಊಟ ಮಾಡಿ, 40 ಸಾವಿರ ಎಣಿಸಿ ಕೊಟ್ಟು ಯಾವುದೋ ಟೋಕನ್, ಅಂದರೆ ಕ್ರಿಪ್ಟೊ ನಾಣ್ಯ, ತಗೊಂಡು ಬಂದರು. ಮೊಬೈಲ್‌ನಲ್ಲಿ ಆ ನಾಣ್ಯ ಇಡುವ ವಾಲೆಟ್ ಆ್ಯಪ್ ಅದರ ಬೆಲೆ 1 ಲಕ್ಷ 10 ಸಾವಿರ ಅಂತ ತೋರಿಸುತ್ತಿತ್ತು. ನಾನು ಮುಖ ಸಿಂಡರಿಸಿದ್ದಕ್ಕೆ ಇನ್ನೊಂದು ಪುಟ ತೆಗೆದು ನನ್ನ ಮುಂದೆ ಹಿಡಿದರು.

"ನೋಡು ತಮ್ಮಾ, ಹಸಿರು ಟಿಕ್ ಬಂದದ. ವೆರಿಫೈಡ್ ಅಂತ ಬರದಾರ. ಸರ್ಕಾರದ್ದೇ ಅದ ಇದು."

ಆ ಪುಟ ಬಿಎಸ್‌ಸಿಸ್ಕ್ಯಾನ್‌ನದು. ಸರ್ಕಾರಕ್ಕೂ ಅದಕ್ಕೂ ಏನೂ ಸಂಬಂಧವಿಲ್ಲ. ಈಥರಿಯಂ ಅನ್ನುವ ಬ್ಲಾಕ್‌ಚೈನ್ ಶುರುವಾದ 2015ರಲ್ಲೇ ಈಥರ್‌ಸ್ಕ್ಯಾನ್ ಎಂಬ ವೆಬ್‌ಸೈಟ್ ಬಂತು, ಮಲೇಷ್ಯಾದ ಒಂದು ಖಾಸಗಿ ಕಂಪನಿ ನಡೆಸುತ್ತದೆ. ಅವರದೇ ಇನ್ನೊಂದು ಸೈಟ್ ಬಿಎಸ್‌ಸಿಸ್ಕ್ಯಾನ್, ಬಿಎನ್‌ಬಿ ಚೈನ್ ಅನ್ನುವ ಬೇರೊಂದು ಬ್ಲಾಕ್‌ಚೈನ್‌ಗೆ. ದುಡ್ಡು ಕೊಡಬೇಕಿಲ್ಲ, ಲಾಗಿನ್ ಬೇಕಿಲ್ಲ. ಆ ಚೈನ್ ಮೇಲೆ ಯಾರು ಯಾರಿಗೆ ಎಷ್ಟು ಯಾವಾಗ ಕಳಿಸಿದರು ಅನ್ನುವ ಪೂರ್ತಿ ಕೀರ್ದಿ ಅಲ್ಲಿ ಬಿಚ್ಚಿಟ್ಟಿರುತ್ತದೆ. ಹೆಸರು ಮಾತ್ರ ಇರುವುದಿಲ್ಲ, ಉದ್ದನೆಯ ವಿಳಾಸಗಳು ಇರುತ್ತವೆ. ಪಹಣಿ ಆನ್‌ಲೈನ್‌ನಲ್ಲಿ ತೆಗೆದು ನೋಡುವ ಹಾಗೆ, ಆದರೆ ಮಾಲೀಕನ ಹೆಸರಿನ ಜಾಗದಲ್ಲಿ ಬರೀ ನಂಬರು.

ಇನ್ನು ಆ ಹಸಿರು ಟಿಕ್. ನನಗೆ ಅರ್ಥವಾಗಲು ಎರಡು ರಾತ್ರಿ ಹಿಡಿಯಿತು. ಟೋಕನ್ ಅಂದರೆ ಚೈನ್ ಮೇಲೆ ಓಡುವ ಒಂದು ಸಣ್ಣ ಪ್ರೋಗ್ರಾಂ, ಅದಕ್ಕೆ ಕಾಂಟ್ರಾಕ್ಟ್ ಅನ್ನುತ್ತಾರೆ. ಮಾಡಿದವನು ಆ ಪ್ರೋಗ್ರಾಂ ಬರಹವನ್ನು ಸೈಟ್‌ಗೆ ಕೊಟ್ಟರೆ, ಓಡುತ್ತಿರುವುದೂ ಇದೂ ಒಂದೇ ಅಂತ ಸೈಟ್ ತಾಳೆ ನೋಡಿ ಟಿಕ್ ಹಾಕುತ್ತದೆ. ಅಷ್ಟೇ. ಕರಾರು ಪತ್ರದ ಝೆರಾಕ್ಸ್ ಮೂಲಪ್ರತಿಯಂತೆಯೇ ಇದೆ ಅಂದ ಹಾಗೆ. ಆ ಕರಾರಿನೊಳಗೆ ನಿಮ್ಮ ಹೊಲ ಹೊಡೆದುಕೊಳ್ಳುವ ಷರತ್ತು ಇದೆಯೋ ಇಲ್ಲವೋ, ಅದನ್ನು ಟಿಕ್ ಹೇಳುವುದಿಲ್ಲ. ಮೀಟಿಂಗ್ ಮಾಡಿದವನಿಗೆ ಇದು ಚೆನ್ನಾಗಿ ಗೊತ್ತಿತ್ತು, ಅದಕ್ಕೇ ಅದನ್ನೇ ತೋರಿಸಿದ. ಈ ಸೈಟ್ ಬಗ್ಗೆ ನನ್ನ ದೊಡ್ಡ ತಕರಾರು ಇದೇ: ಗೊತ್ತಿಲ್ಲದವನ ಕಣ್ಣಿಗೆ ಆ ಟಿಕ್ ಐಎಸ್‌ಐ ಮಾರ್ಕ್‌ನ ಹಾಗೆ ಕಾಣುತ್ತದೆ.

ಸರಿ, ನೋಡೋಣ ಅಂತ ಕೂತೆ. ಮೊದಲ ಪಾಠ, ಹೆಸರಿನಿಂದ ಹುಡುಕಬಾರದು. ಟೋಕನ್‌ಗೆ ಯಾರು ಯಾವ ಹೆಸರನ್ನಾದರೂ ಇಡಬಹುದು, ಒಂದೇ ಹೆಸರಿನಲ್ಲಿ ಎಷ್ಟೋ ಟೋಕನ್‌ಗಳು ಬರುತ್ತವೆ. 42 ಅಕ್ಷರದ ಕಾಂಟ್ರಾಕ್ಟ್ ವಿಳಾಸವೇ ಅಸಲಿ ಗುರುತು. ಕಾಕಾರ ವಾಲೆಟ್‌ನಿಂದಲೇ ಅದನ್ನು ಕಾಪಿ ಮಾಡಿ ಹಾಕಿದೆ. ಐದು ವರ್ಷದ ಕಂಪನಿ ಅಂದಿದ್ದರಂತೆ, ಕಾಂಟ್ರಾಕ್ಟ್ ಹುಟ್ಟಿ 19 ದಿನ ಆಗಿತ್ತು.

ಆಮೇಲೆ ಹೋಲ್ಡರ್ಸ್ ಅನ್ನುವ ಟ್ಯಾಬ್. ಯಾರ ಹತ್ತಿರ ಶೇಕಡಾ ಎಷ್ಟು ಇದೆ ಅಂತ ಇಳಿಕೆ ಕ್ರಮದಲ್ಲಿ ತೋರಿಸುತ್ತದೆ. ಇಲ್ಲಿ ಆತುರ ಪಡಬಾರದು, ನಾನು ಪಟ್ಟೆ. ಮೊದಲ ಸಾಲಿನಲ್ಲೇ ದೊಡ್ಡ ಪಾಲು ಕಂಡು ಕಳ್ಳ ಸಿಕ್ಕ ಅಂದುಕೊಂಡೆ, ನೋಡಿದರೆ ಅದು ಪ್ಯಾನ್‌ಕೇಕ್‌ಸ್ವಾಪ್ ಅನ್ನುವ ಆನ್‌ಲೈನ್ ಟೋಕನ್ ಪೇಟೆಯ ಪೂಲ್, ಅಂದರೆ ಟೋಕನ್ ಕೊಳ್ಳಲು ಮಾರಲು ಎಲ್ಲರೂ ಹೋಗುವ ಕೂಡು ಖಾತೆ. ವಿಳಾಸದ ಪಕ್ಕ ಹಾಳೆಯಂಥ ಗುರುತು ಇದ್ದರೆ ಅದು ಮನುಷ್ಯನ ವಾಲೆಟ್ ಅಲ್ಲ, ಕಾಂಟ್ರಾಕ್ಟ್. ಡೆಡ್ ಅಂತ ಕೊನೆಯಾಗುವ ವಿಳಾಸವಿದ್ದರೆ ಅಲ್ಲಿಗೆ ಹೋದದ್ದು ಸುಟ್ಟ ಹಾಗೆ, ವಾಪಸ್ ಬರುವುದಿಲ್ಲ. ಇವೆರಡನ್ನೂ ಬಿಟ್ಟು ಉಳಿದದ್ದನ್ನು ಕೂಡಬೇಕು. ನಮ್ಮ ಟೋಕನ್‌ನಲ್ಲಿ ಉಳಿದವರಲ್ಲಿ ಎಂಟು ವಾಲೆಟ್‌ಗಳ ಹತ್ತಿರ ಹೆಚ್ಚುಕಡಿಮೆ ಸಮ ಸಮ ಪಾಲು. ಚೆನ್ನಾಗಿ ಹಂಚಿಹೋಗಿದೆ ಅಲ್ವಾ ಅನಿಸುತ್ತದೆ. ಒಂದೊಂದನ್ನೂ ತೆರೆದು ಮೊದಲ ಜಮಾ ಎಲ್ಲಿಂದ ಬಂತು ಅಂತ ನೋಡಿದರೆ ಎಂಟಕ್ಕೂ ಒಂದೇ ವಿಳಾಸ, ಟೋಕನ್ ಹುಟ್ಟಿಸಿದವನದು. ನಮ್ಮ ಕಡೆ ಬೇನಾಮಿ ಅನ್ನುತ್ತಾರಲ್ಲ, ಅದೇ. ನಿಜ ಹೇಳಬೇಕೆಂದರೆ ಆ ಹೊತ್ತಿಗೆ ನನಗೆ ಮಜಾ ಬರತೊಡಗಿತ್ತು, ಸ್ವಲ್ಪ ನಾಚಿಕೆಯೂ ಆಯಿತು, ದುಡ್ಡು ಕಾಕಾರದಲ್ವಾ.

ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಸಿಕ್ಕಿದ್ದು ವ್ಯಾಪಾರದ ಪಟ್ಟಿಯಲ್ಲಿ. ಕೊಂಡವರು ನೂರಾರು, ಮಾರಿದವರು? ಪುಟದ ಮೇಲೆ ಪುಟ ತಿರುಗಿಸಿದೆ. ಮಾರಿದ್ದು ಒಂದೇ ವಾಲೆಟ್, ಅದೂ ಆ ಎಂಟರಲ್ಲಿ ಒಂದು. ಗಂಜ್‌ನಲ್ಲಿ ಇಡೀ ಸೀಜನ್ ಒಬ್ಬನೇ ರೈತ ಮಾಲು ಮಾರಿದ, ಉಳಿದವರೆಲ್ಲ ಬರೀ ಕೊಂಡರು ಅಂದರೆ ನಂಬುತ್ತೀರಾ? ಬೇರೆಯವರು ಮಾರಲು ನೋಡಿಲ್ಲವೇ ಅಂತ ಕೊಂಡ ನಾಲ್ಕು ಜನರ ವಾಲೆಟ್ ಪುಟ ತೆರೆದೆ. ಸೋತ ಮಾರಾಟ ಟೋಕನ್ ಪುಟದಲ್ಲಿ ಕಾಣುವುದಿಲ್ಲ, ಅವರವರ ವಾಲೆಟ್ ಪುಟದಲ್ಲೇ ಕಾಣುತ್ತದೆ, ಇದನ್ನು ಯಾರೂ ಹೇಳಿಕೊಡುವುದಿಲ್ಲ. ಮೂವರ ಪುಟದಲ್ಲಿ ಕೆಂಪು ಗುರುತುಗಳ ಸಾಲು. ಒಬ್ಬ ಪಾಪ ಒಂದೇ ರಾತ್ರಿ ಹನ್ನೊಂದು ಸಲ ಪ್ರಯತ್ನ ಪಟ್ಟಿದ್ದಾನೆ. ಹನ್ನೊಂದೂ ಫೇಲ್, ಟ್ರಾನ್ಸ್‌ಫರ್ ಫ್ರಮ್ ಫೇಲ್ಡ್ ಅನ್ನುವ ಸಂದೇಶ, ಹನ್ನೊಂದು ಸಲವೂ ಗ್ಯಾಸ್ ಶುಲ್ಕ, ಅಂದರೆ ಪ್ರತಿ ವ್ಯವಹಾರಕ್ಕೆ ಚೈನ್‌ಗೆ ಕಟ್ಟುವ ಶುಲ್ಕ, ಹೋಗಿದೆ. ಕೊಳ್ಳಲು ಬಿಟ್ಟು ಮಾರಲು ಬಿಡದ ಇಂಥ ಟೋಕನ್‌ಗೆ ಹನಿಪಾಟ್ ಅನ್ನುತ್ತಾರಂತೆ. ಮಾರಾಟವೇ ಇಲ್ಲದಿದ್ದರೆ ಬೆಲೆ ಏರದೆ ಇನ್ನೇನಾಗುತ್ತದೆ, ಕಾಕಾರ 1 ಲಕ್ಷ 10 ಸಾವಿರ ಬಂದದ್ದು ಹಾಗೆ.

ಇದೇನು ಹೊಸ ಆಟವಲ್ಲ. 2021ರಲ್ಲಿ ಒಂದು ಕೊರಿಯನ್ ವೆಬ್ ಸರಣಿಯ ಹೆಸರು ಹೊತ್ತು ಸ್ಕ್ವಿಡ್ ಅನ್ನುವ ಟೋಕನ್ ಇದೇ ಬಿಎನ್‌ಬಿ ಚೈನ್ ಮೇಲೆ ಬಂದಿತ್ತು. ನವೆಂಬರ್ 1ರಂದು 2,800 ಡಾಲರ್ ದಾಟಿ ಹೋದದ್ದು ಕೆಲವೇ ನಿಮಿಷದಲ್ಲಿ ಸೊನ್ನೆಯ ಹತ್ತಿರ ಬಂತು. ಕೊಂಡವರು ಮಾರಲಾಗುತ್ತಿಲ್ಲ ಅಂತ ಅದಕ್ಕೂ ಮೊದಲೇ ಕೂಗುತ್ತಿದ್ದರು.

ಪೂಲ್‌ನ ದುಡ್ಡು ಲಾಕ್ ಆಗಿದೆಯಾ, ಅಂದರೆ ಇಂಥ ತಾರೀಖಿನ ತನಕ ತೆಗೆಯಲಾಗದ ಹಾಗೆ ಇಟ್ಟಿದ್ದಾರಾ ಅನ್ನುವುದೂ ನೋಡಬೇಕು. ಪೂಲ್‌ಗೆ ದುಡ್ಡು ಹಾಕಿದವನಿಗೆ ರಸೀದಿಯ ಥರ ಎಲ್‌ಪಿ ಟೋಕನ್ ಸಿಗುತ್ತದೆ, ಅದು ಅವನ ಸ್ವಂತ ವಾಲೆಟ್‌ನಲ್ಲೇ ಇದ್ದರೆ ಯಾವತ್ತು ಬೇಕಾದರೂ ಎಲ್ಲವನ್ನೂ ಎತ್ತಿಕೊಂಡು ಹೋಗಬಹುದು. ಲಾಕ್ ಆಗಿದ್ದರೆ ತಾರೀಖು ನೋಡಿ, ನಾನು ನೋಡಿದ ಒಂದು ಟೋಕನ್‌ನಲ್ಲಿ ಲಾಕ್ ಇನ್ನು ನಾಲ್ಕೇ ದಿನಕ್ಕೆ ಮುಗಿಯುತ್ತಿತ್ತು. ರೀಡ್ ಕಾಂಟ್ರಾಕ್ಟ್ ಅನ್ನುವ ಕಡೆ ಓನರ್ ಯಾರು ಅಂತ ನೋಡಬಹುದು, ರೈಟ್ ಕಾಂಟ್ರಾಕ್ಟ್ ಅನ್ನುವ ಕಡೆ ಮಿಂಟ್ (ಹೊಸ ಟೋಕನ್ ಹುಟ್ಟಿಸುವುದು), ಬ್ಲ್ಯಾಕ್‌ಲಿಸ್ಟ್ (ವಿಳಾಸ ತಡೆಯುವುದು), ಸೆಟ್ ಫೀ (ಶುಲ್ಕ ಬದಲಿಸುವುದು) ಇಂಥ ಪದಗಳಿವೆಯಾ ಅಂತಲೂ ಹುಡುಕಬಹುದು. ಆದರೆ ಪದ ಕಂಡ ಕೂಡಲೇ ಮೋಸ ಅನ್ನಬೇಡಿ, ವಿಳಾಸಗಳನ್ನು ತಡೆಹಿಡಿಯುವ ವ್ಯವಸ್ಥೆ ಡಾಲರ್ ಬೆಲೆಗೆ ಕಟ್ಟಿದ ಹೆಸರುವಾಸಿ ಟೋಕನ್ ಯುಎಸ್‌ಡಿಟಿಯಲ್ಲೂ ಇದೆ. ಓನರ್ ಜಾಗದಲ್ಲಿ ಬರೀ ಸೊನ್ನೆಗಳ ವಿಳಾಸ ಇದ್ದರೆ ಹಕ್ಕು ಬಿಟ್ಟುಕೊಟ್ಟಿದ್ದಾನೆ ಅಂತ ಅರ್ಥ, ಅದನ್ನೂ ಪೂರ್ತಿ ನಂಬಬೇಡಿ, ಬೇರೆ ಹೆಸರಿನಲ್ಲಿ ಹಿಂಬಾಗಿಲು ಇಟ್ಟಿರುತ್ತಾರೆ.

ಬೇರೆ ಚೈನ್‌ಗಳ ಬಗ್ಗೆ ಎರಡು ಮಾತು. ಸೋಲಾನಾ ಅನ್ನುವ ಚೈನ್‌ಗೆ ಸಾಲ್‌ಸ್ಕ್ಯಾನ್ ಇದೆ, 2024ರಲ್ಲಿ ಈಥರ್‌ಸ್ಕ್ಯಾನ್‌ನವರೇ ಅದನ್ನು ಕೊಂಡರು. ಟ್ರಾನ್‌ಗೆ ಟ್ರಾನ್‌ಸ್ಕ್ಯಾನ್, ನನಗೆ ಅದರ ಪುಟ ಗಿಜಿಗಿಜಿ ಅನಿಸಿತು. ಬ್ಲಾಕ್‌ಸ್ಕೌಟ್ ಅನ್ನುವ ಇನ್ನೊಂದು ಎಕ್ಸ್‌ಪ್ಲೋರರ್ ಓಪನ್ ಸೋರ್ಸ್, ನೋಡಲು ಸ್ವಚ್ಛ. ನಾಣ್ಯ ಮಾರುವವನು ನಮ್ಮದೇ ಎಕ್ಸ್‌ಪ್ಲೋರರ್ ಇದೆ, ಅದರಲ್ಲೇ ನೋಡಿ ಅಂತ ತನ್ನ ಸೈಟ್ ಕೊಟ್ಟರೆ ಅಲ್ಲೇ ಎದ್ದು ಬನ್ನಿ. ಒನ್‌ಕಾಯಿನ್ ಅನ್ನುವ ಮೋಸದ ನಾಣ್ಯದವರು 2014ರಿಂದ ಜಗತ್ತಿನ ತುಂಬ ಮೀಟಿಂಗ್ ಮಾಡಿದರು, ಅಸಲಿ ಬ್ಲಾಕ್‌ಚೈನೇ ಇರಲಿಲ್ಲ.

ಬೇಜಾರಿನ ಸಂಗತಿಗಳು ಇವೆ. ಎಲ್ಲ ಇಂಗ್ಲಿಷ್, ಕನ್ನಡದ ಮಾತೇ ಇಲ್ಲ. ಮೊಬೈಲ್‌ನಲ್ಲಿ ಕೋಷ್ಟಕ ಅಡ್ಡಡ್ಡ ಎಳೆದೂ ಎಳೆದೂ ಬೆರಳು ನೋವಾಗುತ್ತದೆ, ನಾನು ಮಿಲ್‌ನ ಕಂಪ್ಯೂಟರ್‌ನಲ್ಲೇ ನೋಡುವುದು, ಸಾಹುಕಾರರಿಗೆ ಹೇಳಬೇಡಿ. ಮೇಲ್ಗಡೆ ಜಾಹೀರಾತು ಇರುತ್ತದೆ, ಅದೂ ಕ್ರಿಪ್ಟೊ ಜಾಹೀರಾತು, ಕಳ್ಳರಿಂದ ಹುಷಾರ್ ಅನ್ನುವ ಬೋರ್ಡ್ ಕೆಳಗೇ ಲಾಟರಿ ಮಾರಿದ ಹಾಗೆ. 2022ರ ಮೇ ತಿಂಗಳಲ್ಲಿ ಒಂದು ಜಾಹೀರಾತು ಜಾಲದ ಮೂಲಕ ಈಥರ್‌ಸ್ಕ್ಯಾನ್‌ನಲ್ಲೇ ವಾಲೆಟ್ ಜೋಡಿಸಿ ಅಂತ ಕೇಳುವ ಮೋಸದ ಕಿಟಕಿ ತೆರೆದುಕೊಂಡಿತ್ತು. ಸುಮ್ನೆ ನೋಡಲು ವಾಲೆಟ್ ಜೋಡಿಸುವ ಅಗತ್ಯವೇ ಇಲ್ಲ, ನೆನಪಿಡಿ. ಇನ್ನೊಂದು, ಕೇಳದೆ ನಿಮ್ಮ ವಾಲೆಟ್‌ಗೆ ಬಂದು ಕೂತ ಫುಕಟ್ ಟೋಕನ್‌ಗಳನ್ನು ಮಾರಲು ಹೋಗಬೇಡಿ, ಅದರ ಹೆಸರಲ್ಲೇ ಇರುವ ವೆಬ್‌ಸೈಟ್‌ಗಂತೂ ಬಿಲ್ಕುಲ್ ಹೋಗಬೇಡಿ. ನಿಮ್ಮ ಟೋಕನ್ ಎತ್ತಲು ಹಿಂದೆ ಯಾವ ಕಾಂಟ್ರಾಕ್ಟ್‌ಗಾದರೂ ಅನುಮತಿ ಕೊಟ್ಟಿದ್ದರೆ ಟೋಕನ್ ಅಪ್ರೂವಲ್ ಅನ್ನುವ ಪುಟದಲ್ಲಿ ರದ್ದು ಮಾಡಬಹುದು, ಅದಕ್ಕೆ ಮಾತ್ರ ವಾಲೆಟ್ ಜೋಡಿಸಬೇಕು, ಸಣ್ಣ ಶುಲ್ಕವೂ ಆಗುತ್ತದೆ.

ಬಿಎಸ್‌ಸಿಸ್ಕ್ಯಾನ್‌ಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಳೆದದ್ದು ಆ ಹಸಿರು ಟಿಕ್‌ಗೆ.

ಕಾಕಾಗೆ ಇದೆಲ್ಲ ತೋರಿಸಿದ ದಿನ ಅವರು ಜಾಸ್ತಿ ಮಾತಾಡಲಿಲ್ಲ. ಮಾರುವ ಬಟನ್ ತಾವೇ ಒಂದು ಸಲ ಒತ್ತಿ ನೋಡಿದರು, ಕೆಂಪು ಬಂತು. "ಕಾಳು ಮುಟ್ಟಿ ನೋಡ್ಲಾರ್ದೆ ಚೀಲ ತಗೊಂಡೆ ನೋಡು," ಅಂದರು. ಮರುದಿನ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟೆವು. ದೂರಿನ ಜೊತೆ ಇಡಲು ಆ ಎಂಟು ವಾಲೆಟ್‌ಗಳ ಪುಟ, ವ್ಯವಹಾರದ 66 ಅಕ್ಷರದ ಹ್ಯಾಶ್, ಅಂದರೆ ಅದರ ಗುರುತಿನ ನಂಬರು, ಎಲ್ಲವನ್ನೂ ಪ್ರಿಂಟ್ ತೆಗೆಸಿ, ಬೇನಾಮಿ ವಿಳಾಸಗಳ ಕೆಳಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದೇನೆ. ಕಾಕಾ ಆ ಕಟ್ಟನ್ನು ಅಂಗಡಿಯ ಗಲ್ಲೆಯಲ್ಲಿ, ಈ ವರ್ಷದ ಉದ್ರಿ ಪುಸ್ತಕದ ಕೆಳಗೆ ಇಟ್ಟುಕೊಂಡಿದ್ದಾರೆ.