ಮಾಯವಾಗುವ ಶಾಯಿಯ ಕಾಪಿ ಪುಸ್ತಕ: ಒಂದನೇ ಕ್ಲಾಸಿಗೆ ಆಗುತ್ತಾ?

ಆನ್‌ಲೈನ್‌ನಲ್ಲಿ ಎಲ್ಲೆಲ್ಲೂ ಕಾಣುವ ಮ್ಯಾಜಿಕ್ ಕಾಪಿ ಪುಸ್ತಕ ಗೊತ್ತಲ್ವಾ? ಹಾಳೆಯಲ್ಲೇ ಅಕ್ಷರ ಕೊರೆದಿರುತ್ತಾರೆ. ಮಗು ಆ ಗೀರಿನೊಳಗೆ ಪೆನ್ನು ಓಡಿಸಬೇಕು, ಸ್ವಲ್ಪ ಹೊತ್ತಿಗೆ ಶಾಯಿ ತಾನಾಗೇ ಮಾಯ. ನಮ್ಮ ನಲಿ-ಕಲಿ (ಸರ್ಕಾರಿ ಶಾಲೆಯ ಚಿಕ್ಕ ಮಕ್ಕಳಿಗೆ ಆಟ, ಚಟುವಟಿಕೆಯಲ್ಲೇ ಕಲಿಸುವ ಪದ್ಧತಿ) ತರಗತಿಗೆ ಕನ್ನಡದ್ದು ತರಿಸಿದೆ.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಬರೆಯೋಕೆ ಹೆದರುವ ಮಕ್ಕಳೂ ಇದನ್ನು ಕಂಡರೆ ಓಡಿ ಬರುತ್ತಾರೆ. ಹಾಳೆಯೂ ದಪ್ಪ, ಸುಲಭಕ್ಕೆ ಹರಿಯುವುದಿಲ್ಲ.

ಆದರೆ ಎಲ್ಲಿಂದ ಶುರು ಮಾಡಬೇಕು ಅನ್ನುವ ಬಾಣದ ಗುರುತೇ ಇಲ್ಲ! ಒಬ್ಬಳು ‘ಗ’ವನ್ನು ಬಲಗಡೆಯ ಕಾಲಿನಿಂದ ಹತ್ತಿಸಿ ಎಡಕ್ಕೆ ಇಳಿಸುತ್ತಾಳೆ, ಗೀರು ತುಂಬಿರುತ್ತದೆ, ನೋಡೋಕೆ ಅಕ್ಷರ ಸರಿಯಾಗೇ ಇರುತ್ತದೆ, ಸ್ಲೇಟು ಕೊಟ್ಟ ಕೂಡಲೇ ಅದೇ ‘ಗ’ ಸೊಟ್ಟ. ಉಳಿದ ಮಕ್ಕಳನ್ನು ನೋಡಿ ತಿದ್ದೋಕೆ ಬರುವಷ್ಟರಲ್ಲಿ ಬರೆದದ್ದೇ ಇಲ್ಲ. ಮನೆಯಲ್ಲಿ ಒಂದೇ ಮಗುವಿನ ಪಕ್ಕ ಕೂತವರಿಗೆ ಇದು ತೊಂದರೆ ಅನ್ನಿಸಲಿಕ್ಕಿಲ್ಲ.

ಕ್ರಮವೂ ಹಳೇ ಅ, ಆ, ಇ, ಈ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿಯಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಇಷ್ಟು ಕಲಿತರೆ ಸಾಕು, ಸರ, ದರ, ಅರಸ, ಗರಗಸ ಅಂತ ಪದಗಳನ್ನೇ ಬರೆಯಬಹುದು. ಈ ಪುಸ್ತಕದಲ್ಲಿ ಪುಟ ಹಾರಿಸಿ ಹಾರಿಸಿ ಸಾಕಾಯ್ತು.

ಒತ್ತಕ್ಷರ ಪೂರ್ತಿ ಬಿಟ್ಟಿದ್ದಾರೆ. ಮಕ್ಕಳು ಒದ್ದಾಡುವುದೇ ಅಲ್ಲಿ: ‘ಅಮ್ಮ’ ಬರೆದರೆ ಒತ್ತು ಕೆಳಗಿನ ಸಾಲಿಗೆ ಇಳಿದುಬಿಡುತ್ತದೆ.

ರೀಫಿಲ್ ಬೇರೆ ಬೇಗ ಒಣಗುತ್ತದೆ. ಮನೆಗಾದರೆ ಒಂದು ತಗೊಳ್ಳಿ, ಪರವಾಗಿಲ್ಲ. ಶಾಲೆಗೆ ಅದೇ ದುಡ್ಡಲ್ಲಿ ಬಳಪದ ಡಬ್ಬ ಜಾಸ್ತಿ ತನ್ನಿ. ನನ್ನ ಅಂಕ 5ಕ್ಕೆ 2.